ಮಳೆ ಕಣಕುಂಬಿಯಲ್ಲಿ, ನೀರು ನವಿಲುತೀರ್ಥದಲ್ಲಿ

ಪಂಚಮಿಗೆ ಹೆಂಡತಿಯ ತವರು ಮುನವಳ್ಳಿಗೆ ಹೋಗಿದ್ದೆವು. ಮೂರು ದಿನ ಉಂಡಿ ತಿಂದು, ನಾಲ್ಕನೆಯ ದಿನ ಮಕ್ಕಳಿಗೆ ನವಿಲುತೀರ್ಥದ ಡ್ಯಾಮು ತೋರಿಸಿಕೊಂಡು ಬೈಲಹೊಂಗಲಕ್ಕೆ ಮರಳುವುದೆಂದು ಮಾತಾಗಿತ್ತು. ಎಲ್ಲರೂ ಕಾರಿನಲ್ಲಿ ಕೂತರು, ಕೀಲಿ ತಿರುವಿದೆ. ‘ಟಕ್’ ಅಂದದ್ದು ಅಷ್ಟೇ. ಬ್ಯಾಟರಿ ಹಾಕಿಸಿ ಇನ್ನೂ ಎರಡು ತಿಂಗಳಾಗಿರಲಿಲ್ಲ.

ಮಂದಿಗೆ ರೊಕ್ಕದ ಬುದ್ಧಿ ಹೇಳುವವನು ತನ್ನ ಲೆಕ್ಕವನ್ನೂ ಒಮ್ಮೆ ಬಿಚ್ಚಿಡಬೇಕು. ಕಾರು 2008ರದು, ಕೆಎ-24. ಹದಿನೈದು ವರ್ಷ ತುಂಬಿದ ಮೇಲೆ ನೋಂದಣಿ ಮುಂದುವರಿಸಲು 2023ರಲ್ಲಿ 5,000 ರೂಪಾಯಿ ಶುಲ್ಕ ಕಟ್ಟಿದ್ದೆ. 2022ರ ಏಪ್ರಿಲ್‌ಗೆ ಮುಂಚೆ ಇದೇ ಕೆಲಸ 600ಕ್ಕೆ ಮುಗಿಯುತ್ತಿತ್ತು. ಇಷ್ಟು ಕಟ್ಟಿದ ಮೇಲೆ ಐದು ವರ್ಷ ಓಡಿಸಲೇಬೇಕೆಂಬ ಹಟ ಬೇರೆ. ಈ ಮಳೆಗಾಲ ಶುರುವಾದಾಗ ಕಾರು ಬೆಳಿಗ್ಗೆ ಏಳುವುದಕ್ಕೆ ತಕರಾರು ತೆಗೆಯಿತು. ಒಂದು ಗ್ಯಾರೇಜಿನವರು ಬ್ಯಾಟರಿ ಅಂದರು, 4,300. ಮತ್ತೊಂದು ಕಡೆ ಡೈನಮೋ ಅಂದರು, 3,200. ಮೂರನೆಯವರು ರಿಲೇ, ಹಾರ್ನು ಅಂತ 1,100 ತೆಗೆದುಕೊಂಡರು. ಒಟ್ಟು 8,600. ಈ ಅವಧಿಯುದ್ದಕ್ಕೂ ಎಡಗಡೆ ಮುಂದಿನ ಸೀಟಿನ ಕೆಳಗೆ ಮ್ಯಾಟು ಹಸಿಯಾಗಿಯೇ ಇತ್ತು. ಎಸಿ ನೀರಿರಬೇಕೆಂದು ನಾನು ಅದರ ಮೇಲೆ ಪೇಪರು ಹಾಸಿ ಸುಮ್ಮನಿದ್ದೆ. ಪೇಪರು ಬದಲಿಸುವುದು ದಿನದ ಕೆಲಸವಾಗಿತ್ತು, ಅದ್ಯಾಕೆ ಒದ್ದೆಯಾಗುತ್ತದೆಂದು ಕೇಳಿಕೊಳ್ಳಲಿಲ್ಲ.

ಮುನವಳ್ಳಿಯಲ್ಲಿ ಬೈಕ್ ಮೇಲೆ ಬಂದ ಎಲೆಕ್ಟ್ರಿಷಿಯನ್ ಹುಡುಗ ಬಾನೆಟ್ ಎತ್ತುವ ಮೊದಲು ಆ ಮ್ಯಾಟನ್ನೇ ಎತ್ತಿ ಮೂಸಿ ನೋಡಿದ.

“ಎಸಿ ನೀರಲ್ರಿ ಸರ. ಎಸಿ ನೀರ ತಿಳಿ ಇರತೈತಿ. ರೇಡಿಯೇಟರಿಂದಾದ್ರ ಅಂಟ ಅಂಟ ಇರತೈತಿ, ಸಿಹಿ ವಾಸನಿ. ಇದು ಮಳಿ ನೀರ್ರಿ.”

ಬೇರೆ ಬ್ಯಾಟರಿಯಿಂದ ವೈರ್ ಕೊಟ್ಟು ಕಾರು ಎಬ್ಬಿಸಿ, ಅರ್ಧ ತಾಸು ಓಡಿಸಿ, ಮತ್ತೆ ಬಂದ್ ಮಾಡಿದ. ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ ನಡುವೆ ಮೀಟರ್ ಸೇರಿಸಿದ. ಎಲ್ಲಾ ಬಂದ್ ಇದ್ದಾಗ ಗಾಡಿ 50 ಮಿಲಿ ಆಂಪಿಯರಿಗಿಂತ ಹೆಚ್ಚು ಎಳೆಯಬಾರದು. ನಮ್ಮದು 400 ಎಳೆಯುತ್ತಿತ್ತು. ಲೆಕ್ಕ ನನಗೂ ಬರುತ್ತದಲ್ಲ: 0.4 ಆಂಪಿಯರ್, 24 ತಾಸು, ದಿನಕ್ಕೆ 9.6 ಆಂಪಿಯರ್-ಅವರ್. ಬ್ಯಾಟರಿ 35ರದು. ಮೂರು ದಿನ ಮಾವನ ಮನೆ ಮುಂದೆ ನಿಂತರೆ ಸೆಲ್ಫ್ ಎತ್ತಲು ಏನು ಉಳಿದೀತು? ಇಷ್ಟು ಸಾಲದ ಬಡ್ಡಿ ಹೋಗುತ್ತಿದ್ದರೆ ಮೊದಲ ತಿಂಗಳೇ ಎಚ್ಚರವಾಗುತ್ತಿದ್ದೆ.

ಆಮೇಲೆ ಒಂದೊಂದೇ ಫ್ಯೂಸ್ ಕಿತ್ತ. ಏಳನೆಯದು ಕಿತ್ತಾಗ ಮೀಟರ್ 20ಕ್ಕೆ ಇಳಿಯಿತು. ಆ ಫ್ಯೂಸಿನ ವೈರ್ ಹಿಡಿದು ಡ್ಯಾಶ್‌ಬೋರ್ಡ್ ಕೆಳಗೆ ಕೈ ಹಾಕಿ ಒಂದು ಕಪ್ಲರ್ ಎಳೆದ. ಒಳಗೆಲ್ಲ ಹಸಿರು. ತಾಮ್ರದ ಕೊಡಕ್ಕೆ ಬರುವ ಅದೇ ಕಿಲುಬು. ಒದ್ದೆ ಕಿಲುಬಿನ ಮೂಲಕ ಕರೆಂಟು ಒಂದು ಪಿನ್ನಿಂದ ಪಕ್ಕದ ಪಿನ್ನಿಗೆ ಹಾಯುತ್ತಿತ್ತು. ಗಾಡಿ ಮಲಗಿದ ಮೇಲೂ ಒಂದು ರಿಲೇ ಎದ್ದು ಕೂತಿರುತ್ತಿತ್ತು. “ಹುಣಸಿಹಣ್ಣ ಹಚ್ಚಿ ತಿಕ್ಕಿದ್ರ ಆಗಲ್ಲೇನು ತಮ್ಮಾ?” ಅಂದೆ. “ಹುಳಿ ಒಳಗ ಉಳದ್ರ ತಂತಿ ತಿಂತೈತ್ರಿ” ಎಂದು ನಕ್ಕು, ವೈರನ್ನು ತುಸುತುಸುವೇ ಕತ್ತರಿಸುತ್ತ ಹೋದ. ಮೇಲಿನ ರಬ್ಬರು ಚೆನ್ನಾಗಿಯೇ ಕಾಣುತ್ತಿತ್ತು, ಒಳಗಿನ ಎಳೆಗಳು ನಾಲ್ಕು ಬೆರಳಿನಷ್ಟು ದೂರ ಕರ್ರಗಾಗಿದ್ದವು. ಕೆಂಪು ತಾಮ್ರ ಸಿಕ್ಕ ಮೇಲೆಯೇ ಹೊಸ ವೈರ್ ಬೆಸೆದ.

ನನಗೆ ಅಲ್ಲಿಗೆ ಕೆಲಸ ಮುಗಿದಿತ್ತು, ಅವನಿಗೆ ಮುಗಿದಿರಲಿಲ್ಲ. ನೀರು ನಿಂತಲ್ಲೇ ನೀರು ಹೊಕ್ಕಿರುವುದಿಲ್ಲ. ನಮ್ಮ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಸವದತ್ತಿಯಲ್ಲಿ ಬಿಸಿಲಿದ್ದರೂ ನವಿಲುತೀರ್ಥ ಡ್ಯಾಮಿನ ರೇಣುಕಾಸಾಗರ ಏರುತ್ತದೆ, ಯಾಕೆಂದರೆ ಮಲಪ್ರಭೆಯ ಮಳೆ ಖಾನಾಪುರ ತಾಲ್ಲೂಕಿನ ಕಣಕುಂಬಿಯ ಕಾಡಿನಲ್ಲಿ ಬಿದ್ದಿರುತ್ತದೆ. ನನ್ನ ಕಾರಿನ ಕಣಕುಂಬಿ ಎಲ್ಲಿ?

ಪೈಪು ತರಿಸಿದ. ನನ್ನನ್ನು ಟಾರ್ಚು ಕೊಟ್ಟು ಒಳಗೆ ತಲೆಕೆಳಗಾಗಿ ಮಲಗಿಸಿದ. ಮೇಲಿಂದ ಸುರಿದರೆ ಎಲ್ಲಾ ಕಡೆಯೂ ಒದ್ದೆಯಾಗಿ ಏನೂ ತಿಳಿಯುವುದಿಲ್ಲವಂತೆ. ಕೆಳಗಿಂದ ಶುರು ಮಾಡಿ, ಒಂದೊಂದು ಜಾಗಕ್ಕೆ ಐದೈದು ನಿಮಿಷ. ಬಾಗಿಲಿನ ಕೆಳಗೆ ಏನಿಲ್ಲ. ಗಾಜಿನ ಬೀಡಿಂಗ್ ರಬ್ಬರಿಗೆ ಬಿಟ್ಟಾಗಲೂ ಇಲ್ಲ. ವೈಪರಿನ ಕೆಳಗಿನ ಜಾಲರಿಗೆ ಬಿಟ್ಟದ್ದೇ ತಡ, ನನ್ನ ಹಣೆಯ ಮೇಲೆ ಹನಿ. ಟಾರ್ಚು ಹಿಡಿದೆ. ವೈರ್ ಕಟ್ಟು ಒಳಗೆ ಬರುವ ತೂತಿನ ರಬ್ಬರಿನಿಂದ ಕಪ್ಲರಿನವರೆಗೆ ತೆಳ್ಳನೆಯ ಹಳದಿ ಗೆರೆ. ಭಂಡಾರ! ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡದಲ್ಲಿ ಹೆಂಡತಿ ಗಾಡಿಗೆ ಹಾರಿಸಿದ್ದು. ಜಾಲರಿಯಲ್ಲಿ ಇಳಿದು, ಜೂನಿನ ಮಳೆಯಲ್ಲಿ ನೀರಿನ ಜೊತೆ ವೈರ್ ಹಿಡಿದು ಒಳಗೆ ಬಂದಿತ್ತು.

ಜಾಲರಿ ಬಿಚ್ಚಿದರೆ ಎರಡು ಬೊಗಸೆ ಬೇವಿನ ಎಲೆ. ನೀರು ಹೊರಹೋಗುವ ತೂತು ಮುಚ್ಚಿ, ಅಲ್ಲೊಂದು ಸಣ್ಣ ಡ್ಯಾಮು ಕಟ್ಟಿಕೊಂಡಿತ್ತು. ಮನೆ ಮುಂದಿನ ಮರದ ನೆರಳಿಗೆ ನಿಲ್ಲಿಸಿದ್ದರ ಬಾಡಿಗೆ ಅದು. ಎಲೆ ತೆಗೆದು, ಸೀಳಿದ ರಬ್ಬರು ಬದಲಿಸಿ, ಮುಂದೆ ನೀರು ಬಂದರೂ ಕಪ್ಲರಿಗೆ ಇಳಿಯದೆ ಕೆಳಗೆ ತೊಟ್ಟಿಕ್ಕಲೆಂದು ವೈರನ್ನು ಸ್ವಲ್ಪ ಜೋಲು ಬಿಟ್ಟು ಕಟ್ಟಿದ.

ಸಾಮಾನಿಗೆ 350, ಮಜೂರಿ 600 ಅಂದ. ನಾನು ಮಜೂರಿಯಲ್ಲಿ ನೂರು ಇಳಿಸಲು ನೋಡಿದೆ. ಡಬ್ಬಿಯಲ್ಲಿ ಬರುವ ಡೈನಮೋಗೆ ತಕರಾರಿಲ್ಲದೆ ಸಾವಿರಗಳನ್ನು ಎಣಿಸಿದವನು, ಅರ್ಧ ದಿನ ಹುಡುಕಿದವನ ಹತ್ತಿರ ನೂರಕ್ಕೆ ಚೌಕಾಶಿ. ಹೆಂಡತಿ ಕಣ್ಣು ಬಿಟ್ಟಳು, ಪೂರಾ ಕೊಟ್ಟೆ.

ವಿಮೆ? ನನ್ನದು ಬರೀ ಥರ್ಡ್ ಪಾರ್ಟಿ, ನನ್ನ ಗಾಡಿಗೆ ಪೈಸೆ ಇಲ್ಲ. ಪೂರ್ತಿ ವಿಮೆ ಇದ್ದರೂ ಪ್ರವಾಹದಲ್ಲಿ ಮುಳುಗಿದ್ದಕ್ಕೆ ಸಿಗುತ್ತದೆಯೇ ಹೊರತು, ಸವೆದ ರಬ್ಬರು, ತಾನಾಗಿ ಕೆಟ್ಟ ವೈರಿಂಗಿಗೆ ಸಿಗುವುದಿಲ್ಲ. ಹಳೇ ಗಾಡಿ ಕೊಳ್ಳುವವರಿಗೆ ಒಂದು ಮಾತು: 2019ರ ಆಗಸ್ಟಿನಲ್ಲಿ ರಾಮದುರ್ಗಕ್ಕೆ ಮಲಪ್ರಭೆ ನುಗ್ಗಿದ್ದು ನೆನಪಿದೆಯಲ್ಲ, ಅಗ್ಗಕ್ಕೆ ಸಿಗುವ ಕಾರಿನ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಮುಳುಗಿದ್ದರೆ ಅಲ್ಲಿ ಕೆಸರಿನ ಕಲೆ ಉಳಿದಿರುತ್ತದೆ. ಸೀಟಿನ ಹಳಿ ಜಂಗು ಹಿಡಿದಿದೆಯೇ ಎಂದೂ ಬಗ್ಗಿ ನೋಡಿ.

ಹೊರಡುವಾಗ ಹುಡುಗ ಹೆಂಡತಿಗೆ ಹೇಳಿದ: “ಅಕ್ಕಾರ, ಮುಂದಿನ ಸಲ ಭಂಡಾರ ಜಾಲರಿ ಮ್ಯಾಲ ಹಾರಸಬ್ಯಾಡ್ರಿ.”

“ಯಾಕಪಾ? ನೀರಿನ ದಾರಿ ತೋರಿಸಿದ್ದ ಅದಲಾ” ಅಂದಳು.