ಕಾಗದ, ಕುಂಕುಮ, ಕೂದಲ ಹಗ್ಗ: ಹೊಸಬರಿಗೊಂದು ಕೊಲಾಜ್ ಪಾಠ

ಕೊಲಾಜ್ ಕಲಿಯಲು ಬರುವವರ ಮನಸ್ಸಿನಲ್ಲಿ ಒಂದು ಅನುಮಾನ ಇದ್ದೇ ಇರುತ್ತದೆ. ಕೆಲವರು ಬಾಯಿಬಿಟ್ಟು ಕೇಳುತ್ತಾರೆ, ಹಲವರು ಕೇಳುವುದಿಲ್ಲ. ಯಾರೋ ಅಚ್ಚು ಹಾಕಿದ ಕಾಗದವನ್ನು ಕತ್ತರಿಸಿ ಅಂಟಿಸಿದರೆ ಅದು ನಮ್ಮ ಚಿತ್ರ ಹೇಗಾದೀತು? ಕುಂಚಕ್ಕೆ ಕೈ ಪಳಗದವರು ಹಿಡಿಯುವ ಅಡ್ಡದಾರಿಯಲ್ಲವೇ ಇದು? ಪ್ರಶ್ನೆ ನ್ಯಾಯವಾದದ್ದೇ. ಉತ್ತರಕ್ಕಾಗಿ ಭದ್ರಾವತಿಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಕಲಿತು, ಅಲ್ಲೇ ನೆಲೆಸಿ ಕೆಲಸ ಮಾಡುತ್ತಿರುವ ಶೀಲಾ ಗೌಡ ಅವರ ದಾರಿಯನ್ನು ನಿಧಾನವಾಗಿ ನೋಡೋಣ. ಅವರನ್ನು ಸಾಮಾನ್ಯವಾಗಿ ಇನ್‌ಸ್ಟಲೇಶನ್ ಕಲಾವಿದೆ, ಅಂದರೆ ವಸ್ತುಗಳಿಂದ ಒಂದು ಜಾಗವನ್ನೇ ಕೃತಿಯಾಗಿ ಕಟ್ಟುವವರು, ಎನ್ನುತ್ತಾರೆ. ಆದರೂ ಒಂದಕ್ಕೊಂದು ಸಂಬಂಧವಿಲ್ಲದ ವಸ್ತುಗಳನ್ನು ಜೋಡಿಸುವಾಗ ಕಲಾವಿದರ ತಲೆ ಹೇಗೆ ಓಡುತ್ತದೆ ಎಂಬುದನ್ನು ಕಲಿಯಲು ನಮ್ಮ ನಾಡಿನಲ್ಲಿ ಅವರಿಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣದು.

ಮೊದಲು ಅಡಿಪಾಯದ ಎರಡು ಮಾತು. ಕಾಗದ, ಬಟ್ಟೆ, ಫೋಟೊ, ಟಿಕೆಟ್ಟು ಮುಂತಾದವನ್ನು ಒಂದು ಸಮತಟ್ಟಾದ ಹಲಗೆಯ ಮೇಲೆ ಅಂಟಿಸಿ ಮಾಡುವ ಚಿತ್ರ ಕೊಲಾಜ್. ಅದರ ಜೊತೆಗೆ ಬಣ್ಣ, ಮಸಿ, ದಾರ, ಲೋಹ, ಮಣ್ಣು ಸೇರಿದರೆ ಮಿಶ್ರಮಾಧ್ಯಮ ಎನ್ನುತ್ತೇವೆ. ಯುರೋಪಿನಲ್ಲಿ ಇದಕ್ಕೆ ಕಲೆಯ ಮಾನ್ಯತೆ ಸಿಕ್ಕಿದ್ದು 1912ರಲ್ಲಿ. ಪಿಕಾಸೊ ಆ ವರ್ಷ ಕುರ್ಚಿಯ ಬೆತ್ತದ ಹೆಣಿಗೆಯ ಅಚ್ಚಿದ್ದ ಮೇಣಗಪ್ಪಡದ ತುಂಡನ್ನು ಚಿತ್ರಕ್ಕೆ ಅಂಟಿಸಿ, ಸುತ್ತ ಚೌಕಟ್ಟಿನ ಬದಲು ಹಗ್ಗ ಸುತ್ತಿದರು. ಅದೇ ವರ್ಷ ಬ್ರಾಕ್ ಮರದ ಗೆರೆಗಳ ಅಚ್ಚಿದ್ದ ಗೋಡೆಕಾಗದವನ್ನು ಕತ್ತರಿಸಿ ಬಳಸಿದರು. ಮೊದಲ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯ ಕುರ್ಟ್ ಶ್ವಿಟರ್ಸ್ ಟ್ರಾಮ್ ಟಿಕೆಟ್ಟು, ಪೊಟ್ಟಣದ ಕಾಗದ, ಮುರಿದ ಮರದ ಚೂರುಗಳಿಂದಲೇ ಒಂದು ಲೋಕ ಕಟ್ಟಿದರು. ನಮ್ಮಲ್ಲಿ ಹೆಸರು ಬೇರೆ ಇತ್ತು, ಕೆಲಸ ಹಳೆಯದು. ಮೈಸೂರು ಶೈಲಿಯ ಚಿತ್ರದಲ್ಲಿ ಹಲಗೆಗೆ ಕಾಗದ ಅಂಟಿಸಿ, ಆಭರಣದ ಭಾಗಗಳನ್ನು ಗೆಸ್ಸೊ ಎಂಬ ಲೇಪದಿಂದ ತುಸು ಉಬ್ಬಿಸಿ, ಮೇಲೆ ಚಿನ್ನದ ರೇಕು ಕೂರಿಸುತ್ತಾರೆ. ಉತ್ತರ ಕರ್ನಾಟಕದ ಅಜ್ಜಿಯರು ಹಳೆಯ ಸೀರೆ, ಅಂಗಿ, ಧೋತರದ ತುಂಡುಗಳನ್ನು ಸೇರಿಸಿ ಹೊಲಿಯುವ ಕೌದಿಯಲ್ಲಿ ಬಣ್ಣ ಕೂಡಿಸುವ ಕಣ್ಣು ಎಷ್ಟು ಚುರುಕಾಗಿದೆ ಎಂದು ಒಮ್ಮೆ ಹತ್ತಿರದಿಂದ ನೋಡಿ.

ಚಿತ್ರ ಬರೆಯಲು ಬಾರದವರ ದಾರಿ ಇದು ಎನ್ನುವವರು ಬಿನೋದ್ ಬಿಹಾರಿ ಮುಖರ್ಜಿ ಅವರನ್ನು ನೆನೆಯಬೇಕು. ಶಾಂತಿನಿಕೇತನದ ಹಿಂದಿ ಭವನದ ಗೋಡೆಗಳ ಮೇಲೆ ಮಧ್ಯಯುಗದ ಸಂತರ ಭಿತ್ತಿಚಿತ್ರ ಬರೆದ ದೊಡ್ಡ ಕೈ ಅದು. 1957ರ ಹೊತ್ತಿಗೆ ಅವರ ದೃಷ್ಟಿ ಪೂರ್ತಿ ಹೋಯಿತು. ಆಮೇಲೆ ಬಣ್ಣದ ಕಾಗದವನ್ನು ಬೆರಳಿನಿಂದ ಅಳೆದು, ಕತ್ತರಿಸಿ, ಅಂಟಿಸಿ ಅವರು ಚಿತ್ರ ಮಾಡಿದರು. ಸತ್ಯಜಿತ್ ರೇ 1972ರಲ್ಲಿ ಅವರ ಬಗ್ಗೆ ಸಾಕ್ಷ್ಯಚಿತ್ರವನ್ನೂ ಮಾಡಿದ್ದಾರೆ. ಗೆರೆಯ ಮೇಲೆ ಅಷ್ಟು ಹಿಡಿತವಿದ್ದ ಮನುಷ್ಯ ಕತ್ತರಿ ಹಿಡಿದಾಗ ಗೆರೆ ಮಾಯವಾಗಲಿಲ್ಲ. ಕಾಗದದ ಅಂಚೇ ಗೆರೆಯಾಯಿತು.

ಈಗ ಶೀಲಾ ಗೌಡ ಅವರತ್ತ ಬರೋಣ. ಹುಟ್ಟಿದ್ದು 1957. ಆರ್.ಎಂ. ಹಡಪದ್ ಕಟ್ಟಿದ ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಚಿತ್ರಕಲೆ ಕಲಿತು 1979ರಲ್ಲಿ ಡಿಪ್ಲೊಮಾ ಮುಗಿಸಿದರು. ಮುಂದೆ ಶಾಂತಿನಿಕೇತನ, ಆಮೇಲೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್. ಅಲ್ಲಿಂದ 1986ರಲ್ಲಿ ಸ್ನಾತಕೋತ್ತರ ಪದವಿ. ಇಷ್ಟೂ ವರ್ಷ ಅವರು ಕಲಿತದ್ದು, ಮಾಡಿದ್ದು ಬಣ್ಣದ ಚಿತ್ರವೇ. ಹೊಸಬರು ಈ ವರ್ಷಗಳನ್ನು ದಾಟಿ ನೇರವಾಗಿ ಮುಂದಿನ ಪುಟಕ್ಕೆ ಹೋಗಬಾರದು. ವಸ್ತುವನ್ನು ಎತ್ತಿಕೊಳ್ಳುವ ಮೊದಲು ಅವರು ಹತ್ತು ವರ್ಷಕ್ಕೂ ಹೆಚ್ಚು ಕಾಲ ಗೆರೆ, ಬಣ್ಣ, ಖಾಲಿ ಜಾಗ ಇವುಗಳ ಜೊತೆ ಬಾಳಿದ್ದರು.

1992ರ ಡಿಸೆಂಬರಿನಲ್ಲಿ ಬಾಬರಿ ಮಸೀದಿ ಉರುಳಿತು, ಅದರ ಬೆನ್ನಿಗೆ ಗಲಭೆಗಳು ನಡೆದವು. ಆ ಹಿಂಸೆಯ ಕಾಲದಲ್ಲಿ ಕ್ಯಾನ್ವಾಸಿನ ಮೇಲಿನ ಎಣ್ಣೆಬಣ್ಣ ಅವರಿಗೆ ಸಾಲದೆ ಹೋಯಿತು. ಅವರು ಸೆಗಣಿಯನ್ನು ಕೈಗೆತ್ತಿಕೊಂಡರು. ಸೆಗಣಿ ಎಂದರೆ ನಮಗೆ ಏನೇನು? ಅಂಗಳ ಸಾರಿಸುವುದು, ಬೆರಣಿ ತಟ್ಟುವುದು, ಪೂಜೆಗೆ ಪಿಳ್ಳಾರಿ ಮಾಡುವುದು, ಹೆಂಗಸರ ದಿನನಿತ್ಯದ ದುಡಿಮೆ. ಜೊತೆಗೆ ಹಸುವಿನ ಹೆಸರಿನಲ್ಲಿ ನಡೆಯುವ ರಾಜಕಾರಣವೂ. ಅವರು ಇದರ ಮೇಲೆ ಒಂದು ಮಾತನ್ನೂ ಬರೆಯಬೇಕಾಗಿರಲಿಲ್ಲ. ವಸ್ತು ತನ್ನ ಹಿಂದಿನ ಬಾಳನ್ನೆಲ್ಲ ಹೊತ್ತುಕೊಂಡೇ ಗ್ಯಾಲರಿಯೊಳಗೆ ಬಂತು. ಕೊಲಾಜಿನ ಮೊದಲ ಪಾಠ ನನ್ನ ದೃಷ್ಟಿಯಲ್ಲಿ ಇದೇ: ವಸ್ತುವನ್ನು ಅದರ ಬಣ್ಣಕ್ಕಾಗಿ ಮಾತ್ರ ಆರಿಸಿದರೆ ಅರ್ಧ ಕೆಲಸ ಆದ ಹಾಗೆ. ಅದು ಯಾರ ಕೈಯಿಂದ ಬಂತು, ಅಲ್ಲಿ ಏನು ಮಾಡುತ್ತಿತ್ತು ಎಂಬುದೂ ಚಿತ್ರದೊಳಗೆ ಉಳಿಯಬೇಕು.

1998ರ 'ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್' ಕೃತಿಯನ್ನು ಸ್ವಲ್ಪ ಹೊತ್ತು ನೋಡಬೇಕು. ಸೂಜಿಗೆ ದಾರ ಪೋಣಿಸುವುದು ಎಲ್ಲರಿಗೂ ಗೊತ್ತು. ಅವರು ನೂರು ಮೀಟರಿಗೂ ಉದ್ದದ ದಾರವನ್ನು ಒಂದೊಂದು ಸೂಜಿಯ ಕಣ್ಣಿನಲ್ಲೂ ಎಳೆದರು. ಸೂಜಿ ದಾರದ ನಟ್ಟನಡುವೆ ಬರುವವರೆಗೂ ಎಳೆಯುತ್ತಲೇ ಹೋದರು. ಹೀಗೆ ಹತ್ತಾರು ಸೂಜಿಗಳ ದಾರವನ್ನು ಒಟ್ಟುಗೂಡಿಸಿ, ಕುಂಕುಮ ಕಲಸಿದ ಅಂಟು ಬಳಿದು ದಪ್ಪ ಕೆಂಪು ಹಗ್ಗ ಮಾಡಿದರು. ಹಗ್ಗ ಗೋಡೆಯಿಂದ ಇಳಿದು, ನೆಲದ ಮೇಲೆ ಸುತ್ತಿ, ಮತ್ತೆ ಏರುತ್ತದೆ. ತುದಿಯಲ್ಲಿ ಸೂಜಿಗಳ ಗೊಂಚಲು ಮಿನುಗುತ್ತದೆ. ದೂರದಿಂದ ನೋಡಿದರೆ ಗಾಳಿಯಲ್ಲಿ ಎಳೆದ ಕೆಂಪು ಗೆರೆ, ಹತ್ತಿರ ಹೋದರೆ ಕರುಳು, ರಕ್ತ, ಚುಚ್ಚುವ ಮೊನೆ. ಕೆನ್ ಶಾಲೆಯಲ್ಲಿ ಕಾಗದದ ಮೇಲೆ ಕಲಿತ ಗೆರೆ ಇಲ್ಲಿ ಕಾಗದವನ್ನು ಬಿಟ್ಟು ಎದ್ದು ಬಂದಿದೆ. ಕಲಾವಿದರ ಬೆಳವಣಿಗೆ ಎಂದರೆ ಹಿಂದಿನದನ್ನು ಬಿಸಾಡಿ ಹೊಸದಕ್ಕೆ ಹಾರುವುದು ಎಂದುಕೊಂಡವರಿಗೆ ಈ ಕೃತಿ ಒಳ್ಳೆಯ ಉತ್ತರ.

ಮುಂದಿನ ಕೃತಿಗಳಲ್ಲಿ ವಸ್ತುಗಳು ಮನೆಯಿಂದ ಬೀದಿಗೆ ಬರುತ್ತವೆ. ರಸ್ತೆ ಮಾಡುವ ಕೂಲಿಕಾರರು ಡಾಂಬರಿನ ಖಾಲಿ ಡ್ರಮ್ಮುಗಳನ್ನು ಬಿಡಿಸಿ, ತಗಡು ಮಾಡಿ, ಗುಡಿಸಲು ಕಟ್ಟಿಕೊಳ್ಳುವುದನ್ನು ನೀವೂ ಕಂಡಿರಬಹುದು. 2006ರ 'ಡಾರ್ಕ್‌ರೂಮ್' ಅಂಥ ಡ್ರಮ್ಮುಗಳಿಂದಲೇ ಕಟ್ಟಿದ ಕೋಣೆ. ಹೊರಗಿನಿಂದ ಕಪ್ಪು ಕೋಟೆಯಂತಿದೆ. ಬಗ್ಗಿ ಒಳಗೆ ಹೋಗಿ ತಲೆಯೆತ್ತಿದರೆ ಚಾವಣಿಯ ಸಣ್ಣ ತೂತುಗಳಿಂದ ಬೆಳಕು ಬಿದ್ದು ನಕ್ಷತ್ರಗಳ ಆಕಾಶ ಕಾಣುತ್ತದೆ. 2007ರ 'ಕೊಲ್ಯಾಟರಲ್' ಕೃತಿಗೆ ಬೆಂಗಳೂರಿನ ಹೆಂಗಸರು ಹೊಸೆಯುವ ಅಗರಬತ್ತಿಯ ಹಿಟ್ಟೇ ಮೂಲ. ಅದನ್ನು ಜಾಲರಿಯ ಚೌಕಟ್ಟುಗಳ ಮೇಲೆ ನಾನಾ ಆಕಾರದಲ್ಲಿ ಹರಡಿ ಬೆಂಕಿ ತಾಗಿಸಿದರು. ಸುಟ್ಟು ಉಳಿದ ಬೂದಿಯೇ ಕೃತಿ. ಜರ್ಮನಿಯ ಕಾಸೆಲ್‌ನಲ್ಲಿ ನಡೆದ 12ನೆಯ ಡಾಕ್ಯುಮೆಂಟಾ ಪ್ರದರ್ಶನದಲ್ಲಿ ಅದನ್ನು ಕಂಡವರು ವಿಮಾನದಿಂದ ನೋಡಿದ ಸುಟ್ಟ ಊರುಗಳನ್ನು ನೆನೆದಿದ್ದರೆ ಆಶ್ಚರ್ಯವಿಲ್ಲ.

ಹೊಸಕೋಟೆ ಬಳಿಯ ಪಿಲ್ಲಗುಂಪೆಯಲ್ಲಿ ಈ ಪಾಠ ಕಲಿಯುತ್ತಿರುವ ನಿಮಗೆ ಎಲ್ಲಕ್ಕಿಂತ ಹತ್ತಿರದ ಕೃತಿ 'ಬಿಹೋಲ್ಡ್'. ಇಲ್ಲಿನ ಕೈಗಾರಿಕಾ ಪ್ರದೇಶಕ್ಕೆ ಬಂದುಹೋಗುವ ಲಾರಿ, ಟೆಂಪೊಗಳ ಬಂಪರಿಗೆ ದೃಷ್ಟಿಯಾಗದಿರಲಿ ಎಂದು ಕಪ್ಪು ಹಗ್ಗ ಕಟ್ಟಿರುತ್ತಾರಲ್ಲ, ಕೂದಲಿನಿಂದ ಹೊಸೆದ ಅಂಥ ಹಗ್ಗವೇ ಇಲ್ಲಿನ ಮೂಲವಸ್ತು. ದೇವಸ್ಥಾನಗಳಲ್ಲಿ ಭಕ್ತರು ಕೊಟ್ಟ ಮುಡಿಯಲ್ಲಿ ಉದ್ದ ಕೂದಲು ವಿಗ್ಗಿಗೆ ಹೋಗುತ್ತದೆ, ಗಿಡ್ಡ ಕೂದಲು ಹಗ್ಗವಾಗುತ್ತದೆ. ಶೀಲಾ ಗೌಡ ಸುಮಾರು 4000 ಮೀಟರ್ ಹಗ್ಗವನ್ನು ಸುತ್ತಿ, ಗಂಟುಹಾಕಿ, ರಾಶಿ ಹಾಕಿ, ಅದರಲ್ಲಿ ಇಪ್ಪತ್ತರಷ್ಟು ಕಾರಿನ ಬಂಪರುಗಳನ್ನು ನೇತುಹಾಕಿದರು. 2009ರ ವೆನಿಸ್ ಬಿನಾಲೆಯಲ್ಲಿ ಇದು ಪ್ರದರ್ಶನಗೊಂಡಿತು, ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಬೀದಿಯಲ್ಲಿ ಭಾರವಾದ ಬಂಪರು ಒಂದು ಗೇಣು ಹಗ್ಗವನ್ನು ಹೊತ್ತಿರುತ್ತದೆ. ಇಲ್ಲಿ ಹಗ್ಗವೇ ಬಂಪರುಗಳನ್ನು ಹೊತ್ತಿದೆ. ಎರಡೇ ವಸ್ತು, ಅದೂ ಬೀದಿಯಲ್ಲಿ ಆಗಲೇ ಜೊತೆಯಾಗಿದ್ದವು. ಅವುಗಳ ಅಳತೆಯನ್ನೂ ಸಂಬಂಧವನ್ನೂ ಬದಲಿಸಿದ್ದಷ್ಟೇ ಅವರ ಕೆಲಸ. ಅಂಟು ಎಲ್ಲೂ ಇಲ್ಲ, ಆದರೂ ಕೊಲಾಜಿನ ಜೀವ ಪೂರ್ತಿ ಇಲ್ಲಿದೆ.

ಇನ್ನು ಹೇಳಿ ಮಾಡಿಸುವ ಕೃತಿಗಳ ವಿಚಾರ. ಇದು ಎರಡು ಬಗೆ. ಪ್ರದರ್ಶನದವರು, ವಸ್ತುಸಂಗ್ರಹಾಲಯದವರು ಕರೆದು, ಜಾಗ ತೋರಿಸಿ, ನಿಮಗೆ ತೋಚಿದ್ದನ್ನು ಮಾಡಿ ಎನ್ನುವುದು ಒಂದು. ಕಂಪನಿ, ಹೋಟೆಲು, ಮನೆಯವರು ಇಂಥ ಗೋಡೆಗೆ, ಇಷ್ಟು ಹಣಕ್ಕೆ, ಇಂಥದ್ದು ಬೇಕು ಎಂದು ಹೇಳುವುದು ಇನ್ನೊಂದು. ಮೊದಲನೆಯದಕ್ಕೆ ಶೀಲಾ ಗೌಡ ತಮ್ಮ ಪತಿ, ಸ್ವಿಸ್ ಕಲಾವಿದ ಕ್ರಿಸ್ಟೊಫ್ ಸ್ಟೋರ್ಜ್ ಜೊತೆಗೂಡಿ 2012ರ ಮೊದಲ ಕೊಚ್ಚಿ-ಮುಝಿರಿಸ್ ಬಿನಾಲೆಗೆ ಮಾಡಿದ 'ಸ್ಟಾಪ್‌ಓವರ್' ಒಳ್ಳೆಯ ನಿದರ್ಶನ. ಮಿಕ್ಸಿ, ಗ್ರೈಂಡರು ಬಂದ ಮೇಲೆ ಬೆಂಗಳೂರಿನ ಮನೆಗಳಿಂದ ಒರಳುಕಲ್ಲುಗಳು ಹೊರಬಿದ್ದವು. ಅಂಥ ಸುಮಾರು 170 ಕಲ್ಲುಗಳನ್ನು ಕೂಡಿಸಿ ಅವರು ಕೊಚ್ಚಿಗೆ ಸಾಗಿಸಿದರು. ಜಾಗ ಯಾವುದು? ಒಂದು ಕಾಲದಲ್ಲಿ ಮೆಣಸು, ಶುಂಠಿಯಂಥ ಸರಕಿನ ವ್ಯಾಪಾರ ನಡೆಸಿದ ಆಸ್ಪಿನ್‌ವಾಲ್ ಸಂಸ್ಥೆಯ ಕಟ್ಟಡ. ಸಂಬಾರ ಸಾಗಿಸಿದ ಬಂದರಿಗೆ ಸಂಬಾರ ಅರೆದ ಕಲ್ಲುಗಳು ಬಂದು ನಿಂತವು. ಕರೆದವರು ಜಾಗ ಕೊಟ್ಟರು, ಜಾಗದ ಚರಿತ್ರೆಗೆ ಒಪ್ಪುವ ವಸ್ತುವನ್ನು ಕಲಾವಿದರು ತಮ್ಮ ಊರಿನಿಂದ ತಂದರು. ಯಾರೋ ಕೇಳಿದ್ದಕ್ಕೆ ಮಾಡಿದ ಕೆಲಸವೂ ಕಲಾವಿದರನ್ನು ಬೆಳೆಸಬಲ್ಲದು ಎಂದು ನಾನು ನಂಬುವುದು ಇಂಥ ಕೃತಿಗಳನ್ನು ನೋಡಿಯೇ.

ಎರಡನೆಯ ಬಗೆ ನಿಮ್ಮ ಪಾಲಿಗೆ ಮೊದಲು ಬರುತ್ತದೆ. ಹೊಸಕೋಟೆ ಸುತ್ತಮುತ್ತಲಿನ ಒಂದು ಕಾರ್ಖಾನೆಯ ಸ್ವಾಗತಕೋಣೆಗೆ ಗೋಡೆಚಿತ್ರ ಬೇಕು ಎನ್ನಬಹುದು. ಅಳತೆ, ಗೋಡೆಯ ತೇವ, ಬಿಸಿಲು ಬೀಳುವ ದಿಕ್ಕು ನೋಡಿಕೊಂಡು ಬನ್ನಿ. ಚಿಕ್ಕ ಮಾದರಿ ಮಾಡಿ ತೋರಿಸಿ ಒಪ್ಪಿಗೆ ಪಡೆಯಿರಿ. ಸಾಮಾನಿನ ಖರ್ಚು, ಸಾಗಾಟ, ಗೋಡೆಗೆ ಕೂರಿಸುವ ಕೂಲಿ, ನಿಮ್ಮ ಸಂಭಾವನೆ ಎಲ್ಲವನ್ನೂ ಬೇರೆ ಬೇರೆಯಾಗಿ ಬರೆದು ಮುಂಗಡ ತೆಗೆದುಕೊಳ್ಳಿ. ಮುಂಗಡವಿಲ್ಲದೆ ಕೆಲಸ ಶುರು ಮಾಡಬೇಡಿ. ಕಾನೂನನ್ನೂ ಸ್ವಲ್ಪ ತಿಳಿದಿರಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಹಣ ಕೊಟ್ಟು ಬರೆಸಿದ ವರ್ಣಚಿತ್ರದ, ಭಾವಚಿತ್ರದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರಿಗೇ ಸೇರುತ್ತದೆ. ಆದ್ದರಿಂದ ಒಪ್ಪಂದ ಬರಹದಲ್ಲಿರಲಿ. ಹಕ್ಕು ಕೈಬಿಟ್ಟರೂ ಅದೇ ಕಾಯ್ದೆಯ 57ನೆಯ ಕಲಮು ಕೃತಿಯ ಮೇಲಿನ ನಿಮ್ಮ ಹೆಸರನ್ನೂ ಗೌರವವನ್ನೂ ಕಾಯುತ್ತದೆ. ಶಿಲ್ಪಿ ಅಮರ್‌ನಾಥ್ ಸೆಹಗಲ್ ದೆಹಲಿಯ ವಿಜ್ಞಾನ ಭವನಕ್ಕೆ ಸರ್ಕಾರದ ಕೋರಿಕೆಯ ಮೇಲೆ ದೊಡ್ಡ ಕಂಚಿನ ಭಿತ್ತಿಶಿಲ್ಪ ಮಾಡಿದ್ದರು. 1979ರಲ್ಲಿ ಅವರನ್ನು ಕೇಳದೆ ಅದನ್ನು ಕಿತ್ತು ಉಗ್ರಾಣಕ್ಕೆ ಹಾಕಿದರು. ಅವರು ನ್ಯಾಯಾಲಯಕ್ಕೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟ್ ಉಳಿದ ಭಾಗಗಳನ್ನು ಅವರಿಗೆ ಮರಳಿಸಿ, 5 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದು ತೀರ್ಪಿತ್ತಿತು. ಮಾರಿದ ಮೇಲೂ ಕೃತಿ ಕಲಾವಿದರ ಮಾನದ ಭಾಗ ಎಂದು ಒಪ್ಪಿಕೊಂಡ ಈ ತೀರ್ಪನ್ನು ಪ್ರತಿಯೊಬ್ಬ ಕಲಾ ವಿದ್ಯಾರ್ಥಿಯೂ ತಿಳಿದಿರಬೇಕು.

ಹಣ ಕೊಟ್ಟವರಿಗೆ ನಾವು ಸಲ್ಲಿಸಬೇಕಾದ ಋಣವೂ ಒಂದಿದೆ: ಕೃತಿ ಬಾಳಿಕೆ ಬರಬೇಕು. ಪತ್ರಿಕೆಯ ಕಾಗದ ಮರದ ತಿರುಳಿನದು, ಅದರಲ್ಲಿರುವ ಲಿಗ್ನಿನ್‌ನಿಂದಾಗಿ ಬಿಸಿಲಿಗೆ ಹಳದಿಯಾಗಿ ಕೊನೆಗೆ ಪುಡಿಯಾಗುತ್ತದೆ. ಅಭ್ಯಾಸಕ್ಕೆ ಸರಿ, ಮಾರುವ ಕೆಲಸಕ್ಕೆ ಬೇಡ. ಮೈದಾ ಅಂಟಿಗೆ ಹುಳ ಹಿಡಿಯುತ್ತದೆ. ಬೈಂಡಿಂಗ್ ಮಾಡುವವರು ಅದಕ್ಕೇ ಮೈಲುತುತ್ತ ಬೆರೆಸುತ್ತಾರೆ, ಆದರೆ ಅದು ವಿಷ, ಮಕ್ಕಳಿರುವ ಮನೆಯಲ್ಲಿ ಬೇಡ. ಫೆವಿಕಾಲ್ ಬಗೆಯ ಬಿಳಿ ಅಂಟನ್ನು ನೀರಿನಲ್ಲಿ ತುಸು ತೆಳುಮಾಡಿ, ಕಾಗದದ ಎರಡೂ ಬದಿಗೆ ಸವರಿ, ನಡುವಿನಿಂದ ಅಂಚಿಗೆ ಒತ್ತುತ್ತ ಬಂದರೆ ಗುಳ್ಳೆ ಏಳುವುದು ಕಡಿಮೆ. ಕಾಗದದ ಗುಣ ಕಲಿಯಬೇಕೆಂದರೆ ಬೆಂಗಳೂರಿನ ರವಿಕುಮಾರ್ ಕಾಶಿ ಅವರ ಕೆಲಸವನ್ನು ಹುಡುಕಿ ನೋಡಿ. ಗ್ಲಾಸ್ಗೋದಲ್ಲಿ, ಕೊರಿಯಾದಲ್ಲಿ ಕೈಕಾಗದ ಮಾಡುವುದನ್ನು ಕಲಿತು ಬಂದ ಅವರಿಗೆ ಕಾಗದ ಬರೆಯುವ ಹಾಳೆ ಮಾತ್ರ ಅಲ್ಲ, ಕೃತಿಯ ಮೈಯೇ. ಕಲೆಯ ಬಗ್ಗೆ ಕನ್ನಡದಲ್ಲಿ ತಿಳಿಯಾಗಿ ಬರೆಯುವವರೂ ಹೌದು.

ಕೊನೆಗೆ ಮೊದಲ ಅಭ್ಯಾಸ. ಪಿಲ್ಲಗುಂಪೆಯಲ್ಲಿ ಎಲ್ಲೆಲ್ಲೂ ಸಿಗುವ ಒಂದೇ ಒಂದು ವಸ್ತುವನ್ನು ಆರಿಸಿಕೊಳ್ಳಿ: ರಟ್ಟಿನ ಪೆಟ್ಟಿಗೆ, ಪ್ಯಾಕಿಂಗ್ ಪಟ್ಟಿ, ಟಾರ್ಪಾಲಿನ್, ಗೋಣಿ, ಯಾವುದಾದರೂ ಆದೀತು. ಒಂದು ವಾರ ಅದನ್ನು ಕತ್ತರಿಸಬೇಡಿ. ಅದನ್ನು ಕಟ್ಟುವವರನ್ನು, ಬಿಚ್ಚುವವರನ್ನು, ಗುಜರಿಗೆ ಹಾಕುವವರನ್ನು ಮಾತಾಡಿಸಿ. ಅದು ಎಲ್ಲಿ ಮಡಚುತ್ತದೆ, ಎಲ್ಲಿ ಹರಿಯುತ್ತದೆ, ಮಳೆಗೆ ಏನಾಗುತ್ತದೆ ಎಂದು ಬರೆದಿಡಿ. ಆಮೇಲೆ ಕತ್ತರಿ ಹಿಡಿಯಿರಿ. ನಡುವೆ ಒಮ್ಮೆ, ರಜೆಯ ದಿನವಾದ ಸೋಮವಾರ ಬಿಟ್ಟು ಬೇರೆ ಯಾವ ದಿನವಾದರೂ ಹೊಸಕೋಟೆಯಲ್ಲಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ, ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯನ್ನೋ ಕಸ್ತೂರಬಾ ರಸ್ತೆಯ ಮ್ಯಾಪ್ ವಸ್ತುಸಂಗ್ರಹಾಲಯವನ್ನೋ ನೋಡಿ ಬನ್ನಿ. ಪ್ರತಿ ಕೃತಿಯ ಪಕ್ಕದ ಚೀಟಿಯಲ್ಲಿ ಬಳಸಿದ ವಸ್ತುಗಳ ಹೆಸರಿರುತ್ತದೆ. ಕಲಾವಿದರ ಹೆಸರಿಗಿಂತ ಮೊದಲು ಅದನ್ನು ಓದಿ.