ರಾಜೀನಾಮೆಗೆ ಮುಂಚಿನ ಆರು ತಿಂಗಳು

ಬೆಳಿಗ್ಗೆ ಕೋಣನಕುಂಟೆ ಕ್ರಾಸ್ ಮೆಟ್ರೊ ನಿಲ್ದಾಣದ ಮೆಟ್ಟಿಲು ಹತ್ತುವಾಗಲೇ ಎದೆ ಭಾರವಾಗುತ್ತದೆ ಎಂದು ನಮ್ಮ ಸುಬ್ರಹ್ಮಣ್ಯಪುರದ ಪರಿಚಿತರೊಬ್ಬರು ಹೇಳುತ್ತಿದ್ದರು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಹನ್ನೊಂದು ವರ್ಷದಿಂದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದವರು. ಹಸಿರು ಮಾರ್ಗದಲ್ಲಿ ಒಂದೇ ರೈಲು, ಎಲ್ಲೂ ಇಳಿದು ಹತ್ತುವ ರಗಳೆಯಿಲ್ಲ. ಸಂಬಳವೂ ಒಂದನೇ ತಾರೀಕಿಗೆ ತಪ್ಪದೆ ಬರುತ್ತಿತ್ತು. ಆದರೂ ಭಾನುವಾರ ಸಂಜೆಯಾದರೆ ಮಕ್ಕಳ ಮೇಲೆ ರೇಗುತ್ತಿದ್ದರು. ‘ಬಿಟ್ಟುಬಿಡ್ತೀನಿ ಕಣ್ರೀ, ಏನಾದ್ರೂ ಆಗ್ಲಿ’ ಎಂದು ಒಂದು ದಿನ ಅಂದಾಗ ನಾನು ಕೇಳಿಕೊಂಡದ್ದು ಇಷ್ಟೇ: ಬಿಡಿ, ಆದರೆ ಆರು ತಿಂಗಳು ತಯಾರಿ ಮಾಡಿಕೊಂಡು ಬಿಡಿ.

ಬೇಸರ ಯಾವುದರ ಮೇಲೆ?

ಮೊದಲು ಇದು ಇತ್ಯರ್ಥವಾಗಬೇಕು. ಬೇಸರ ಕೆಲಸದ ಮೇಲೋ, ಮೇಲಧಿಕಾರಿಯ ಮೇಲೋ, ದಿನಾ ಎರಡು ಗಂಟೆಯ ಓಡಾಟದ ಮೇಲೋ? ಮೂರೂ ಒಂದೇ ಥರ ನೋಯಿಸುತ್ತವೆ, ಮದ್ದು ಮಾತ್ರ ಬೇರೆ ಬೇರೆ. ಇವರು ಒಂದು ಹಳೆಯ ಎಲ್‌ಐಸಿ ಡೈರಿ ತೆಗೆದುಕೊಂಡು ಮೂರು ವಾರ ರಾತ್ರಿ ಮಲಗುವ ಮುಂಚೆ ಎರಡೆರಡು ಸಾಲು ಬರೆದರು. ಇವತ್ತು ಯಾವ ಕೆಲಸ ಮಾಡುವಾಗ ಹೊತ್ತು ಹೋದದ್ದು ಗೊತ್ತಾಗಲಿಲ್ಲ, ಯಾವ ಕೆಲಸದ ನಡುವೆ ಗಡಿಯಾರ ನೋಡಿದೆ. ಗಡಿಯಾರ ನೋಡಿದ್ದು ಬಾಕಿ ವಸೂಲಿಯ ಫೋನುಗಳಲ್ಲಿ, ತಿಂಗಳ ಕೊನೆಯ ಮೀಟಿಂಗುಗಳಲ್ಲಿ. ಹೊತ್ತು ಹೋದದ್ದು ಗೊತ್ತಾಗದಿದ್ದದ್ದು ಹೊಸದಾಗಿ ಸೇರಿದ ಹುಡುಗರಿಗೆ ಟ್ಯಾಲಿ ಹೇಳಿಕೊಟ್ಟ ದಿನಗಳಲ್ಲಿ. ಲೆಕ್ಕ ಬೇಡವಾಗಿರಲಿಲ್ಲ, ಲೆಕ್ಕ ಕಲಿಸುವುದು ಬೇಕಾಗಿತ್ತು.

ಡೈರಿ ಪೂರ್ತಿ ಮೇಲಧಿಕಾರಿಯ ಹೆಸರೇ ತುಂಬಿದ್ದರೆ ವೃತ್ತಿ ಬಿಡಬೇಡಿ, ಕಂಪನಿ ಬದಲಿಸಿ. ನಿದ್ದೆ ಬಾರದೆ, ಊಟ ಸೇರದೆ ವಾರಗಟ್ಟಲೆ ಆಗಿದ್ದರೆ ಯಾವ ನಿರ್ಧಾರವನ್ನೂ ಮಾಡುವ ಮುಂಚೆ ವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು, ದುಡ್ಡು ಕೊಡಬೇಕಿಲ್ಲ.

ಕೆಲಸದಲ್ಲಿದ್ದೇ ಹೊಸದನ್ನು ಮಾಡಿ ನೋಡಿ

ರಜನಿಕಾಂತ್ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಅರ್ಧ ಮಾತ್ರ ಹೇಳುತ್ತಾರೆ. ಹನುಮಂತನಗರದ ಶಿವಾಜಿರಾವ್ ಬಿಟಿಎಸ್ ಕಂಡಕ್ಟರ್ ಕೆಲಸ ಬಿಟ್ಟು ನಟನಾದರು ಎಂದಷ್ಟೇ ನಮಗೆ ನೆನಪು. ಕಂಡಕ್ಟರಾಗಿದ್ದಾಗಲೇ ಅವರು ನಾಟಕಗಳಲ್ಲಿ ಪಾತ್ರ ಮಾಡುತ್ತಿದ್ದರು. 1973ರಲ್ಲಿ ಮದರಾಸಿನ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದ್ದು ಆಮೇಲೆ. ಓದಿನ ದಿನಗಳಲ್ಲಿ ಕೈಹಿಡಿದದ್ದು ಅವರ ಬಸ್ಸಿನ ಡ್ರೈವರ್ ಗೆಳೆಯ ರಾಜ್ ಬಹದ್ದೂರ್ ತಮ್ಮ ಸಂಬಳದಲ್ಲಿ ಕೊಟ್ಟ ಹಣ. ಮೊದಲ ಚಿತ್ರ ‘ಅಪೂರ್ವ ರಾಗಂಗಳ್’ ಬಂದದ್ದು 1975ರಲ್ಲಿ. ರಂಗದ ಮೇಲಿನ ಅಭ್ಯಾಸ, ಎರಡು ವರ್ಷದ ತರಬೇತಿ, ಖರ್ಚಿಗೊಂದು ಆಸರೆ, ಈ ಮೂರನ್ನೂ ಬಿಟ್ಟು ಹೇಳಿದರೆ ಆ ಕಥೆ ದಾರಿ ತಪ್ಪಿಸುತ್ತದೆ.

ನಮ್ಮ ಪರಿಚಿತರು ಉತ್ತರಹಳ್ಳಿಯ ಟ್ಯೂಷನ್ ಸೆಂಟರಿನಲ್ಲಿ ಭಾನುವಾರ ಎರಡು ಗಂಟೆ ಪಿಯು ಮಕ್ಕಳಿಗೆ ಅಕೌಂಟೆನ್ಸಿ ಹೇಳಿಕೊಡಲು ಒಪ್ಪಿಕೊಂಡರು. ಮೊದಲ ದಿನ ನಲವತ್ತು ನಿಮಿಷಕ್ಕೆಂದು ಸಿದ್ಧಮಾಡಿಕೊಂಡದ್ದು ಹದಿನೈದು ನಿಮಿಷಕ್ಕೇ ಮುಗಿದುಹೋಯಿತಂತೆ. ಮಾರ್ಕರ್ ಹಿಡಿದುಕೊಂಡು ಬೋರ್ಡಿನ ಕಡೆ ಮುಖಮಾಡಿ ಸುಮ್ಮನೆ ನಿಂತುಬಿಟ್ಟರಂತೆ. ಆರನೇ ಭಾನುವಾರ ಹುಡುಗಿಯೊಬ್ಬಳು ಸವಕಳಿ ಲೆಕ್ಕ ಹಿಡಿದುಕೊಂಡು ಬಂದು, ‘ಮಿಸ್, ನೀವು ಮೆಷಿನ್ ಇಟ್ಕೊಂಡು ಹೇಳಿದ್ರಲ್ಲ, ಇನ್ನೊಂದ್ಸಲ ಹಾಗೇ ಹೇಳಿ’ ಅಂದಳು. ಕಾರ್ಖಾನೆಯ ಹನ್ನೊಂದು ವರ್ಷ ವ್ಯರ್ಥವಾಗಿಲ್ಲ ಎಂದು ಅವರಿಗೆ ಅವತ್ತು ಅನ್ನಿಸಿತು.

ಹೀಗೆ ಬೇರೆಡೆ ದುಡಿಯುವ ಮುಂಚೆ ನೇಮಕಾತಿ ಪತ್ರ ಓದಿ. ಎಷ್ಟೋ ಕಂಪನಿಗಳು ಹೊರಗಿನ ಕೆಲಸವನ್ನು ನಿಷೇಧಿಸಿರುತ್ತವೆ, ಲಿಖಿತ ಅನುಮತಿ ಕೇಳಿ. ಆ ಹೊಸ ವೃತ್ತಿಯಲ್ಲಿ ಈಗಾಗಲೇ ಇರುವ ಇಬ್ಬರು ಮೂವರನ್ನು ಭೇಟಿಯಾಗಿ. ಕೆಲಸ ಕೊಡಿ ಎಂದು ಕೇಳಬೇಡಿ. ಮಾಮೂಲಿ ಮಂಗಳವಾರ ಬೆಳಿಗ್ಗೆಯಿಂದ ಸಂಜೆವರೆಗೆ ಏನು ಮಾಡುತ್ತೀರಿ, ಮೊದಲ ವರ್ಷ ಕೈಗೆ ಎಷ್ಟು ಬಂತು ಎಂದು ಕೇಳಿ. ಓದು ಬೇಕಿದ್ದರೆ ಸ್ವಯಂ, ಎನ್‌ಪಿಟಿಇಎಲ್ ತಾಣಗಳ ಪಾಠಗಳು ಉಚಿತ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಪದವಿಯೇ ಬೇಕೆಂದರೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಿದೆ. ನಮ್ಮವರು ಎಂ.ಕಾಂ.ಗೆ ಸೇರಿದ್ದು ಅಲ್ಲೇ.

ಮನೆಯ ಲೆಕ್ಕ

ಮನೆಮಂದಿಯೆಲ್ಲ ಕೂತು ಕಾಗದದ ಮೇಲೆ ಬರೆಯಿರಿ. ಒಂದು ಮಾದರಿ ಲೆಕ್ಕ: ಬಾಡಿಗೆ 18,000, ರೇಷನ್, ಹಾಲು, ತರಕಾರಿ 14,000, ಶಾಲೆ 9,000, ಗಾಡಿ ಸಾಲದ ಕಂತು 4,000, ಅಪ್ಪ ಅಮ್ಮನ ಔಷಧಿ 3,000, ಕರೆಂಟು, ಮೊಬೈಲು, ಓಡಾಟ 5,000, ವಿಮೆಯ ಪಾಲು 2,000. ಒಟ್ಟು 55,000. ಆರು ತಿಂಗಳಿಗೆ 3.30 ಲಕ್ಷ. ಇದು ಬ್ಯಾಂಕಿನಲ್ಲಿ ಕೂಡುವವರೆಗೆ ರಾಜೀನಾಮೆ ಬರೆಯಬೇಡಿ. ಚೀಟಿಯಲ್ಲಿರುವ ದುಡ್ಡು, ಒಡವೆ ಇದರ ಲೆಕ್ಕಕ್ಕೆ ಬೇಡ. ಗೃಹಸಾಲದ ಯೋಚನೆ ಇದ್ದರೆ ಈಗಲೇ ತೀರ್ಮಾನಿಸಿ. ಬ್ಯಾಂಕಿನವರು ಮೊದಲು ಕೇಳುವುದೇ ಸಂಬಳದ ಚೀಟಿ.

ಕಂಪನಿಯ ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸ ಬಿಟ್ಟ ದಿನವೇ ಮುಗಿಯುತ್ತದೆ. ಸ್ವಂತ ಪಾಲಿಸಿಯನ್ನು ಮೊದಲೇ ಮಾಡಿಸಿ. ಹೊಸ ಪಾಲಿಸಿಯಲ್ಲಿ ಅಪಘಾತ ಬಿಟ್ಟು ಉಳಿದ ಕಾಯಿಲೆಗಳಿಗೆ ಸಾಮಾನ್ಯವಾಗಿ ಮೊದಲ 30 ದಿನ ಹಣ ಸಿಗುವುದಿಲ್ಲ. ಬಿಪಿ, ಸಕ್ಕರೆ ಕಾಯಿಲೆಯಂಥ ಹಳೆಯ ತೊಂದರೆಗಳಿಗೆ ಮೂರು ವರ್ಷದವರೆಗೂ ಕಾಯಿಸಬಹುದು. ಅಮ್ಮನ ಆಪರೇಷನ್ ಆಗಬೇಕಿದ್ದರೆ ಅದು ಮುಗಿಯಲಿ, ಆಮೇಲೆ ಹೊರಡಿ.

ಬಿಡುವ ದಿನದ ಕಾಗದಗಳು

ಗ್ರಾಚ್ಯುಟಿಗೆ ಕಾಯಂ ನೌಕರರಿಗೆ ಐದು ವರ್ಷದ ಸೇವೆ ಬೇಕು. ಲೆಕ್ಕಕ್ಕೆ ಹಿಡಿಯುವ ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಮತ್ತೆ ಗುಣಿಸಿ. ವೇತನ 26,000 ಇದ್ದು ಐದು ವರ್ಷ ತುಂಬಿದ್ದರೆ 75,000 ರೂಪಾಯಿ. ನಾಲ್ಕು ವರ್ಷ ಹತ್ತು ತಿಂಗಳಾಗಿರುವವರು ದಯವಿಟ್ಟು ಎರಡು ತಿಂಗಳು ತಾಳಿಕೊಳ್ಳಿ.

ಪಿಎಫ್ ಹಣಕ್ಕೆ ಕೈ ಹಾಕಬೇಡಿ. ಯುಎಎನ್ ಸಂಖ್ಯೆ ಜೀವನಪೂರ್ತಿ ಒಂದೇ, ಹೊಸ ಕಂಪನಿಗೆ ವರ್ಗಾಯಿಸಿಕೊಳ್ಳಿ. ಐದು ವರ್ಷದೊಳಗೆ ತೆಗೆದರೆ ತೆರಿಗೆ ಬೀಳುತ್ತದೆ, ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಕೆಲಸ ಬಿಟ್ಟ ದಿನಾಂಕವನ್ನು ಕಂಪನಿ ಪಿಎಫ್ ಖಾತೆಯಲ್ಲಿ ನಮೂದಿಸಿದೆಯೇ ಎಂದು ನೋಡಿಕೊಳ್ಳಿ. ಇಲ್ಲದಿದ್ದರೆ ವರ್ಗಾವಣೆಗೆ ತೊಡಕು.

ಬಾಂಡ್ ಬರೆದುಕೊಟ್ಟಿದ್ದರೆ ಉಡಾಫೆ ಬೇಡ. ಮೂರು ವರ್ಷದೊಳಗೆ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ವಿಜಯ ಬ್ಯಾಂಕಿನ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಆ ಪ್ರಕರಣ ಹೋದದ್ದು ನಮ್ಮ ಹೈಕೋರ್ಟಿನಿಂದಲೇ. ನೋಟಿಸ್ ಅವಧಿಯನ್ನು ಪೂರ್ತಿ ಮುಗಿಸಿ, ಕೆಲಸವನ್ನು ಬರವಣಿಗೆಯಲ್ಲಿ ಒಪ್ಪಿಸಿ. ರಿಲೀವಿಂಗ್ ಲೆಟರ್, ಅನುಭವ ಪತ್ರ, ಆರು ತಿಂಗಳ ಸಂಬಳದ ಚೀಟಿಗಳನ್ನು ಆಫೀಸಿನ ಇಮೇಲ್ ಮುಚ್ಚುವ ಮುಂಚೆಯೇ ಸ್ವಂತ ಇಮೇಲಿಗೆ ತಂದಿಟ್ಟುಕೊಳ್ಳಿ.

ನಮ್ಮ ಪರಿಚಿತರು ಈಗ ಬನಶಂಕರಿಯ ಆಡಿಟರ್ ಕಚೇರಿಯಲ್ಲಿ ಅರ್ಧ ದಿನ, ಸಂಜೆ ಟ್ಯೂಷನ್. ಕೈಗೆ ಬರುವುದು ಮುಂಚಿಗಿಂತ ಹನ್ನೆರಡು ಸಾವಿರ ಕಡಿಮೆ. ಎಂ.ಕಾಂ. ಮುಗಿಯುವವರೆಗೆ ಹೀಗೇ ಎಂದು ಮನೆಯಲ್ಲಿ ಮೊದಲೇ ಒಪ್ಪಂದವಾಗಿದೆ. ಅವರು ಎಡವಿದ್ದು ಒಂದೇ ಕಡೆ. ವರ್ಷದ ನಡುವೆ ಕೆಲಸ ಬದಲಿಸಿದವರು ಹಳೆಯ ಸಂಬಳ ಮತ್ತು ಕಡಿತವಾದ ತೆರಿಗೆಯ ವಿವರವನ್ನು ಹೊಸ ಕಡೆ ಕೊಡಬೇಕು. ಕೊಡದಿದ್ದರೆ ಇಬ್ಬರೂ ತೆರಿಗೆ ವಿನಾಯಿತಿಯನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕಿ ಕಡಿಮೆ ಹಿಡಿದುಕೊಳ್ಳುತ್ತಾರೆ, ರಿಟರ್ನ್ ಸಲ್ಲಿಸುವಾಗ ಉಳಿದದ್ದನ್ನು ಒಟ್ಟಿಗೆ ಕಟ್ಟಬೇಕಾಗುತ್ತದೆ. ಈ ವಿವರವನ್ನು ಹೊಸ ಕೆಲಸಕ್ಕೆ ಸೇರಿದ ಮೊದಲ ವಾರವೇ ಕೊಟ್ಟುಬಿಡಿ.