ಯಶೋಧರನ ಸುಳ್ಳು: ಜನ್ನನ ಕಾವ್ಯವನ್ನು ತರಗತಿಯಲ್ಲಿ ಕೇಳುವ ಬಗೆ

ವಿಷಯ: ಕನ್ನಡ, ಪೂರಕ ಓದು
ತರಗತಿ: 10
ಅವಧಿ: 40 ನಿಮಿಷ

ಉದ್ದೇಶ: ನಂಬಿಕೆ ಮುರಿಯುವ ಪ್ರಸಂಗದಲ್ಲಿ ಪ್ರತಿ ಪಾತ್ರದ ಪಾಲನ್ನು ವಿದ್ಯಾರ್ಥಿಗಳು ಕಥೆಯ ಆಧಾರದಿಂದಲೇ ಗುರುತಿಸುವರು.

ಪ್ರವೇಶ: 'ಯಶೋಧರ ಚರಿತೆ'ಯ ಕಾಲ 1209. ಜನ್ನನಿಗೆ 'ಕವಿಚಕ್ರವರ್ತಿ' ಎಂಬ ಬಿರುದನ್ನಿತ್ತವನು ಹೊಯ್ಸಳ ದೊರೆ ವೀರಬಲ್ಲಾಳ. ಅವನ ರಾಜಧಾನಿ ದೋರಸಮುದ್ರವೇ ಇಂದಿನ ಹಳೇಬೀಡು. ಬೇಲೂರು, ಅರಸೀಕೆರೆ ಕಡೆಯ ಮಕ್ಕಳಲ್ಲಿ ಅನೇಕರು ಹಳೇಬೀಡಿನ ಬಸದಿಗಳನ್ನು ನೋಡಿರುತ್ತಾರೆ. 1133ರ ಪಾರ್ಶ್ವನಾಥ ಬಸದಿಯ ಚಿತ್ರ ತೋರಿಸಿ, "ಬಸದಿಯಲ್ಲಿ ಪ್ರಾಣಿಬಲಿ ಏಕಿಲ್ಲ?" ಎಂದು ಕೇಳಿದರೆ ಕಾವ್ಯದ ತಿರುಳಾದ ಅಹಿಂಸೆಗೆ ದಾರಿ ಸಿಗುತ್ತದೆ.

ಕಥಾಭಾಗ: ರಾಣಿ ಅಮೃತಮತಿ ಮಾವುತನ ಹಾಡಿಗೆ ಮನಸೋತು ಗುಟ್ಟಾಗಿ ಅವನ ಬಳಿಗೆ ಹೋಗುತ್ತಾಳೆ. ಯಶೋಧರ ಹಿಂಬಾಲಿಸಿ ಕಣ್ಣಾರೆ ಕಾಣುತ್ತಾನೆ. ಎತ್ತಿದ ಕತ್ತಿಯನ್ನು ತಡೆದುಕೊಳ್ಳುತ್ತಾನೆ, ಆದರೆ ಮಾತನ್ನೂ ತಡೆದುಕೊಳ್ಳುತ್ತಾನೆ. ಹೆಂಡತಿಯನ್ನು ನೈದಿಲೆಯಿಂದ ಹೊಡೆದು ಕುಹಕವಾಡುತ್ತಾನೆಯೇ ಹೊರತು ನೇರವಾಗಿ ಕೇಳುವುದಿಲ್ಲ. ತಾಯಿ ಚಂದ್ರಮತಿಗೆ ಕೆಟ್ಟ ಕನಸು ಬಿತ್ತೆಂದು ಹೇಳುತ್ತಾನೆ. ತಾಯಿ ಅದನ್ನು ನಂಬಿ ದೇವಿಗೆ ಬಲಿ ಕೊಡಲು ಒತ್ತಾಯಿಸುತ್ತಾಳೆ. ಕೊಲ್ಲಲು ಒಪ್ಪದ ಮಗ ಹಿಟ್ಟಿನ ಹುಂಜಕ್ಕೆ ಒಪ್ಪುತ್ತಾನೆ. ಕತ್ತಿ ಬಿದ್ದಾಗ ಆ ಹುಂಜ ಕೂಗುತ್ತದೆ. ಮುಂದೆ ಅಮೃತಮತಿ ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ತಾಯಿ ಮಗ ಇಬ್ಬರೂ ಪ್ರಾಣಿಗಳಾಗಿ ಹಲವು ಜನ್ಮ ತೊಳಲುತ್ತಾರೆ.

ಬೋಧನೆಯ ತಿರುವು: "ಮೋಸ ಮಾಡಿದವರು ಯಾರು?" ಎಂದು ಕೇಳಿದರೆ ಒಂದೇ ಉತ್ತರ ಬರುತ್ತದೆ, ಅಮೃತಮತಿ. ಅಲ್ಲಿಗೇ ಬಿಟ್ಟರೆ ಪಾಠವು ಹೆಣ್ಣನ್ನು ಹಳಿಯುವ ಪಾಠವಾಗುತ್ತದೆ. ನಾಯಕನ ಪಾಲು ಕಣ್ಣಿಗೆ ಬೀಳುವುದೇ ಇಲ್ಲ. ಬದಲಿಗೆ ವಿಜ್ಞಾನದ ಪ್ರಯೋಗ ಪುಸ್ತಕದಲ್ಲಿ ಗೆರೆ ಎಳೆಯುವಂತೆ ಕಪ್ಪುಹಲಗೆಯ ಮೇಲೆ ಮೂರು ಕಾಲಂ ಹಾಕಬಹುದು: ತಿಳಿದದ್ದು, ಹೇಳಿದ್ದು, ಮುಚ್ಚಿಟ್ಟದ್ದು. ಮೂವರು ಪಾತ್ರಗಳಿಗೂ ವಿದ್ಯಾರ್ಥಿಗಳೇ ತುಂಬಲಿ.

ಆಗ ಚಂದ್ರಮತಿಯ ಸಾಲು ಎದ್ದು ಕಾಣುತ್ತದೆ. ಆಕೆ ಮುಚ್ಚಿಟ್ಟದ್ದು ಏನೂ ಇಲ್ಲ, ತಿಳಿದದ್ದು ಮಗ ಹೇಳಿದ ಕನಸು ಮಾತ್ರ. ಆ ಸುಳ್ಳನ್ನು ನಂಬಿಯೇ ಬಲಿಯ ಮಾತೆತ್ತಿದಳು. ಹೆಂಡತಿ ಮುರಿದ ನಂಬಿಕೆಯನ್ನು ಗಂಡ ಇನ್ನೊಂದು ಸುಳ್ಳಿನಿಂದ ಮುಚ್ಚಿದ; ಅದರ ಫಲ ಏನೂ ಅರಿಯದವಳಿಗೂ ತಟ್ಟಿತು. ಹಿಟ್ಟಿನ ಹುಂಜವೂ ಅದೇ ಜಾತಿಯದು: ಕೊಂದಂತೆಯೂ ಇರಬೇಕು, ಕೊಲ್ಲದಂತೆಯೂ ಇರಬೇಕು. ಕೊಲ್ಲುವ ಸಂಕಲ್ಪವೇ ಹಿಂಸೆ ಎಂಬುದು ಕಾವ್ಯದ ತೀರ್ಪು.

ಎಚ್ಚರಿಕೆ: ಇದರಿಂದ ವಿಷವಿಕ್ಕಿದ ಅಪರಾಧ ಹಗುರವಾಗದು. ಎರಡು ತಪ್ಪುಗಳನ್ನು ಸಮ ಮಾಡುವುದು ಗುರಿಯಲ್ಲ, ಎರಡನ್ನೂ ಕಾಣುವುದು ಗುರಿ. ವಿದ್ಯಾರ್ಥಿಗಳ ಮನೆಯ ವಿಚಾರ ಕೇಳಬಾರದು. ಚರ್ಚೆ ಪಾತ್ರಗಳಲ್ಲೇ ಉಳಿಯಲಿ.

ಮೌಲ್ಯಮಾಪನ:
1. ಯಶೋಧರನು ತಾಯಿಗೆ ನಿಜ ಹೇಳದಿರಲು ಕಾರಣವೇನಿರಬಹುದು? ಎರಡು ಕಾರಣ ಬರೆಯಿರಿ.
2. ಕತ್ತಿಯನ್ನು ತಡೆದದ್ದು ಮತ್ತು ಮಾತನ್ನು ತಡೆದದ್ದು, ಇವೆರಡೂ ಒಂದೇ ಬಗೆಯ ಸಂಯಮವೇ? ಚರ್ಚಿಸಿ.

ಮನೆಗೆಲಸ: ಯಶೋಧರನು ತಾಯಿಗೆ ನಿಜ ಹೇಳಿದ್ದರೆ ನಡೆಯಬಹುದಾಗಿದ್ದ ಸಂಭಾಷಣೆಯನ್ನು ಹತ್ತು ಸಾಲುಗಳಲ್ಲಿ ಬರೆಯಿರಿ.